ಒಬ್ಬರೇನಾ ಸಾರ್?

ಮೊನ್ನೆ ಸಂಬಳ ಬಂದ ಖುಷೀಲಿ ಇಂದಿರಾನಗರದ ದುಬಾರಿ ರೆಸ್ಟೋರೆಂಟೊಂದಕ್ಕೆ ಹೋಗಿದ್ದೆ. ಬಾಗಿಲಲ್ಲೇ ಪ್ರಶ್ನೆ, "ಒಬ್ಬರೇನಾ ಸಾರ್?" ಕಿಟಕಿ ಪಕ್ಕದ ಟೇಬಲ್ಲುಗಳೆಲ್ಲ ಖಾಲಿ. ನನಗೆ ಸಿಕ್ಕಿದ್ದು ಮಾತ್ರ ಅಡುಗೆಮನೆ ಬಾಗಿಲ ಪಕ್ಕದ್ದು!

ನಾಲ್ಕು ಕುರ್ಚಿ ಒಬ್ಬನಿಗೆ ಕೊಟ್ಟರೆ ನಷ್ಟ ಅಂತೀರಾ? ಒಪ್ಪಿದೆ. ಟೋಕಿಯೋದ ಸುಶಿ ಅಂಗಡಿಗಳ ಹಾಗೆ ಒಂದು ಉದ್ದನೆ ಕೌಂಟರ್ ಹಾಕಿ. ಅಷ್ಟು ದೂರ ಯಾಕೆ, 1943ರಲ್ಲಿ ಶುರುವಾದ ನಮ್ಮ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಗುರುತಿಲ್ಲದವರ ಎದುರು ಕೂತು ದೋಸೆ ತಿಂದರೂ ಯಾರೂ ಏನೂ ಕೇಳಲ್ಲ. ಅಲ್ಲಿ ಹಸಿದವನೇ ಗಿರಾಕಿ, ಇಲ್ಲಿ ಜೋಡಿ ಇದ್ದವನಷ್ಟೇ ಗಿರಾಕಿ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಮಾತ್ರ ಪೂರ್ತಿ! ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಪ್ರಕಾರ ಅದು ಕಡ್ಡಾಯ ಅಲ್ಲ. ತೆಗೆಸಿಯೇ ಎದ್ದೆ. ಮುಂದಿನ ತಿಂಗಳೂ ಒಬ್ಬನೇ ಹೋಗ್ತೀನಿ, ಕಿಟಕಿ ಪಕ್ಕವೇ ಕೇಳ್ತೀನಿ. ನೀವೇನಂತೀರಿ?