ಕಡಲ ತೀರದಲ್ಲಿ ಬಿಡಾರ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಿಂದ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿರುವರು. ಮನೆಯಲ್ಲಿ ಹಿರಿಯರು ಕಿರಿಯರು ಸೇರಿ ಹನ್ನೊಂದು ಮಂದಿ. ಮಾವಿನ ಫಸಲಿನ ಲೆಕ್ಕಾಚಾರ ಮುಗಿದ ಬಳಿಕ ಎಲ್ಲರೂ ಒಟ್ಟಾಗಿ ಪಡುವಣ ಕಡಲನ್ನು ನೋಡಿಬರಬೇಕೆಂದು ಅವರ ಆಶೆ. ವಸತಿಗೃಹಗಳಲ್ಲಿ ಕೋಣೆಕೋಣೆಗೆ ಹಂಚಿಹೋಗಲು ಮನಸ್ಸಿಲ್ಲ. ಹಾಸಿಗೆ, ಒಲೆ, ಶೌಚಗೃಹಗಳನ್ನೆಲ್ಲ ಒಳಗೊಂಡ ಕ್ಯಾರವಾನ್ ಎಂಬ ಮನೆಗಾಡಿ ಬೆಂಗಳೂರಿನಲ್ಲಿ ಬಾಡಿಗೆಗೆ ದೊರೆಯುವುದಂತೆ. ಅದೊಂದನ್ನೂ ಜತೆಗೆ ಒಂದು ವ್ಯಾನನ್ನೂ ಗೊತ್ತುಮಾಡಿಕೊಂಡು ಹೊರಟರೆ ರಾತ್ರಿ ಬಿಡಾರವನ್ನು ಎಲ್ಲಿ ಹೂಡಬೇಕು, ಅಂತಹ ಸ್ಥಳವನ್ನು ಆರಿಸುವ ಬಗೆ ಯಾವುದು ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ಒಬ್ಬರದಾದರೂ ಉತ್ತರವು ಅನೇಕರಿಗೆ ಬೇಕಾದುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಗಳಲ್ಲಿ ಇಂತಹ ಗಾಡಿಗಳಿಗೆಂದೇ ಏರ್ಪಟ್ಟ ತಂಗುದಾಣಗಳುಂಟು. ಒಂದೊಂದು ಗಾಡಿಗೂ ಅಂಕೆ ಹಾಕಿದ ಒಂದು ತುಂಡು ನೆಲ, ಪಕ್ಕದಲ್ಲಿ ನೀರಿನ ನಲ್ಲಿ, ವಿದ್ಯುತ್ತಿನ ಸಂಪರ್ಕ, ಕೊಳೆನೀರು ಹೋಗುವುದಕ್ಕೆ ಕೊಳವೆ. ಕ್ಯಾಲಿಫೋರ್ನಿಯದ ಕಡಲಂಚಿನ ಸರ್ಕಾರಿ ತಂಗುದಾಣಗಳಲ್ಲಿ ಸ್ಥಳಕ್ಕಾಗಿ ಆರು ತಿಂಗಳು ಮುಂಚಿತವಾಗಿಯೇ ಜನ ಕಾದಿರುವರು. ನೆರೆಯ ಕೇರಳದ ಸರ್ಕಾರವು 2021ರಲ್ಲಿ ಮನೆಗಾಡಿಯ ಪ್ರವಾಸಕ್ಕೆಂದು ಒಂದು ಯೋಜನೆಯನ್ನು ಹೊರಡಿಸಿತು. ನಮ್ಮ ಕರಾವಳಿಯಲ್ಲಿ ಮಾತ್ರ ಹೋದ ಹೋದ ಊರಿನಲ್ಲೆಲ್ಲ ಇಂತಹ ಏರ್ಪಾಡು ಸಿದ್ಧವಾಗಿರುವುದೆಂದು ನಂಬಿ ಹೊರಡಲಾಗದು. ಇಲ್ಲಿ ಬಿಡಾರವೆಂದರೆ ವಸತಿಗೃಹದ ಅಂಗಳವೋ, ದೇವಸ್ಥಾನದವರು ವಾಹನಗಳಿಗೆ ಬಿಟ್ಟ ಬಯಲೋ, ತೋಟದ ಮನೆಯವರು ಒಪ್ಪಿ ಕೊಟ್ಟ ಜಾಗವೋ ಆಗಿರುತ್ತದೆ. ಆದುದರಿಂದ ಆರಿಸುವ ಹೊಣೆ ಗೃಹಸ್ಥನ ಮೇಲೆಯೇ ಬೀಳುವುದು.

ಆದರೆ ಕೋಲಾರದ ಸೀಮೆಯವರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕೆ? ಎತ್ತಿನ ಗಾಡಿಗಳ ಕಾಲದಲ್ಲಿ ಜಾತ್ರೆಗೋ ಸಂತೆಗೋ ಹೊರಟವರು ಊರೂರಿನ ಗುಂಡುತೋಪಿನಲ್ಲಿ ಕೊರಳು ಬಿಚ್ಚಿ, ಮೂರು ಕಲ್ಲಿಟ್ಟು ಅಡಿಗೆ ಮಾಡಿ, ಗಾಡಿಯ ಕೆಳಗೇ ಮಲಗಿ ಮುಂದೆ ಸಾಗುತ್ತಿದ್ದರು. ಆ ತೋಪುಗಳಲ್ಲಿ ಹುಣಿಸೆ ಮಾವುಗಳ ನೆರಳಿತ್ತು, ಸಮೀಪದಲ್ಲಿ ಬಾವಿಯೋ ಕಲ್ಯಾಣಿಯೋ ಇರುತ್ತಿತ್ತು, ನೆಲ ಗಟ್ಟಿ, ಕೂಗಿದರೆ ಊರಿಗೆ ಕೇಳಿಸುವಷ್ಟು ದೂರ. ಇಷ್ಟನ್ನು ನೋಡಿಯೇ ಹಿರಿಯರು ನೊಗ ಇಳಿಸುತ್ತಿದ್ದುದು. ಕಡಲ ತೀರದಲ್ಲಿಯೂ ಇವನ್ನೇ ನೋಡಬೇಕು. ಅಲ್ಲಿ ಇವೆಲ್ಲ ಬೇರೆ ವೇಷದಲ್ಲಿ ಬರುವುದರಿಂದ ಗುರುತು ಹಿಡಿಯುವುದು ಕಷ್ಟವಾಗುವುದೇ ಹೊರತು ಬೇರೆಯಲ್ಲ.

ನೆರಳನ್ನೇ ತೆಗೆದುಕೊಳ್ಳಿ. ತೆಂಗಿನ ತೋಟವು ಚಿತ್ರದಲ್ಲಿ ಬಹು ರಮಣೀಯ. ಅದರ ಕೆಳಗೆ ಗಾಡಿ ನಿಲ್ಲಿಸಿದವರಿಗೆ ರಾತ್ರಿ ಒಂದು ಕಾಯಿ ಬಿದ್ದು ಗಾಜು ಒಡೆದ ಮೇಲೆ ರಾಮಣೀಯಕ ಉಳಿಯದು. ಮಕ್ಕಳನ್ನು ಅದರಡಿಯಲ್ಲಿ ಮಲಗಿಸುವ ಮಾತೇ ಬೇಡ. ಗಾಳಿಮರದ ತೋಪುಗಳು ಅದಕ್ಕಿಂತ ಮೇಲು. ಆದರೆ ಅಲ್ಲಿಯ ನೆಲ ಬಹುಮಟ್ಟಿಗೆ ಸಡಿಲ ಮರಳು. ಮನೆಗಾಡಿಯ ಭಾರಕ್ಕೆ ಚಕ್ರವು ಹೂತುಹೋದರೆ ಹತ್ತಾಳು ಕೂಡಿದರೂ ಏಳುವುದಿಲ್ಲ. ಕೆಂಪು ಮುರಕಲ್ಲಿನ ನೆಲವೇ ಶ್ರೇಷ್ಠ. ಗಾಡಿಯನ್ನು ಒಳಕ್ಕೆ ಬಿಡುವ ಮುನ್ನ ಯಾರಾದರೊಬ್ಬರು ಇಳಿದು ನಡೆದು ನೋಡಲಿ. ಹಿಮ್ಮಡಿ ಇಳಿಯುವ ಕಡೆ ಗಾಡಿಯೂ ಇಳಿಯುವುದು. ಬಲೆ ಒಣಗಿಸುವ, ದೋಣಿ ಎಳೆದಿಡುವ ಜಾಗವು ಖಾಲಿಯಾಗಿ ಕಂಡರೂ ಅದು ಮೀನುಗಾರರ ಅಂಗಳವೆಂದು ತಿಳಿಯತಕ್ಕದ್ದು.

ನೀರಿನ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಮೋಸಹೋಗುವುದುಂಟು. ಹಸುರನ್ನು ಕಂಡೊಡನೆ ನೀರಿಗೇನು ಕೊರತೆಯೆಂದು ಭಾವಿಸುತ್ತಾರೆ. ಬೇಸಿಗೆಯಲ್ಲಿ ಕಡಲಿಗೂ ಅಳಿವೆಗೂ ಹತ್ತಿರದ ಬಾವಿಗಳಿಗೆ ಉಪ್ಪು ಸೇರುವುದು. ಬಿಡಾರದ ಯಜಮಾನನನ್ನು “ನೀರಿದೆಯೆ?” ಎಂದು ಕೇಳಿದರೆ ಇದೆಯೆಂದೇ ಹೇಳುವನು, “ನಿಮ್ಮ ಮನೆಯವರು ಯಾವ ನೀರು ಕುಡಿಯುತ್ತೀರಿ?” ಎಂದು ಕೇಳಬೇಕು. ಮನೆಗಾಡಿಯ ಶೌಚದ ತೊಟ್ಟಿಯನ್ನು ಎಲ್ಲಿ ಖಾಲಿಮಾಡುವುದೆಂಬುದನ್ನೂ ಗಾಡಿ ನಿಲ್ಲಿಸುವ ಮೊದಲೇ ಇತ್ಯರ್ಥಮಾಡಿಕೊಳ್ಳಬೇಕು. ಮರಳಿನಲ್ಲಿಯೋ ಹೊಳೆಯಲ್ಲಿಯೋ ಚೆಲ್ಲಿಬಿಡುವುದು ಮನುಷ್ಯರು ಮಾಡುವ ಕೆಲಸವಲ್ಲ.

ಇನ್ನು ಕಾಲದ ಮಾತು. ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲು ಮೇ ತಿಂಗಳಿನಿಂದ ಜುಲೈವರೆಗೆ ನಡೆಯುತ್ತದೆ. ಕೈಯಲ್ಲಿ ಹಣವೂ ಬಿಡುವೂ ಕೂಡಿಬರುವ ಹೊತ್ತಿಗೆ ಪಡುವಣ ಕರಾವಳಿಯಲ್ಲಿ ಮುಂಗಾರು ಸುರಿಯುತ್ತಿರುತ್ತದೆ. ನಮ್ಮ ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಅಲ್ಲಿ ಸುಮಾರು 4000. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿಯುವುದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. ಶಿರಾಡಿ ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ನಿಂತುದೂ ಒಂದು ಸಲವಲ್ಲ. ಆದ ಕಾರಣ ಫಸಲಿನ ಹಣವನ್ನು ಕಟ್ಟಿಟ್ಟು, ನವೆಂಬರ್ ಕಳೆದ ಮೇಲೆ ಹೊರಡುವುದು ಲೇಸು. ಮೂಡಣ ಕಡಲು ನಿಮಗೆ ಇನ್ನೂ ಹತ್ತಿರವೆಂದು ಯಾರಾದರೂ ಹೇಳಿಯಾರು, ನಿಜವೇ. ಆದರೆ ಅಲ್ಲಿ ಹಿಂಗಾರು ಮಳೆಯೂ ಚಂಡಮಾರುತಗಳೂ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುವುದರಿಂದ, ಪಡುವಣ ಕಡಲು ಶಾಂತವಾಗುವ ಕಾಲಕ್ಕೆ ಮೂಡಣದ್ದು ಕೆರಳಿರುತ್ತದೆ.

ಶಾಂತವೆಂದೆವು, ಆ ಮಾತನ್ನು ಸ್ವಲ್ಪ ತಡೆದು ಹೇಳಬೇಕಾಗಿದೆ. 2024ನೆಯ ಇಸವಿ ಡಿಸೆಂಬರ್ 10ರಂದು, ನಿಮ್ಮ ನೆರೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸಕ್ಕೆ ಹೋಗಿದ್ದ ಮಕ್ಕಳಲ್ಲಿ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದರು. ನಾವು ಮೇಲೆ ಒಳ್ಳೆಯ ಕಾಲವೆಂದು ಹೇಳಿದ ಡಿಸೆಂಬರ್ ತಿಂಗಳೇ ಅದು. ಬಿಡಾರವನ್ನು ಆರಿಸುವ ಮಾತಿನಲ್ಲಿ ಈ ದುಃಖದ ಸಂಗತಿ ಏಕೆಂದು ಕೇಳಬಹುದು. ಬಿಡಾರವು ಎಲ್ಲಿರಬೇಕೆಂಬುದನ್ನು ನಿರ್ಣಯಿಸತಕ್ಕದ್ದು ಇದೇ ಎಂದು ನಮ್ಮ ಅಭಿಪ್ರಾಯ.

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಮ್ಮ ಮಕ್ಕಳು ಬಲ್ಲ ನೀರು ಕೆರೆಯದು, ಬಾವಿಯದು, ನಿಂತ ನೀರು. ಅದರಲ್ಲಿ ಅಪಾಯವೆಂದರೆ ಆಳ. ಮೊಣಕಾಲುದ್ದಕ್ಕೆ ಇಳಿದವನು ಮೊಣಕಾಲುದ್ದದಲ್ಲಿಯೇ ಇರುವನು. ಕಡಲಿನಲ್ಲಿ ಅಪಾಯವು ಆಳವಲ್ಲ, ಚಲನೆ. ಅಲೆಗಳು ದಡಕ್ಕೆ ತಂದು ಹಾಕಿದ ನೀರೆಲ್ಲ ಮರಳಿ ಹೋಗಲೇಬೇಕಷ್ಟೆ. ಅದು ಕೆಲವೆಡೆ ಕಿರಿದಾದ ಓಣಿಯಂತಹ ದಾರಿ ಮಾಡಿಕೊಂಡು ರಭಸದಿಂದ ಒಳಕ್ಕೆ ಸೆಳೆಯುವುದು. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಮೆ, ನೊರೆಯೂ ಕಡಮೆ. ಅರಿಯದವರ ಕಣ್ಣಿಗೆ ಆ ಜಾಗವೇ ತಿಳಿಯಾಗಿ ಕಂಡು, ಮಕ್ಕಳನ್ನು ಅಲ್ಲಿಯೇ ಇಳಿಸುತ್ತಾರೆ! ಸೆಳೆತಕ್ಕೆ ಸಿಕ್ಕಿದವನು ದಡದತ್ತ ಮುಖಮಾಡಿ ಈಜಿದರೆ ಸೋತು ಮುಳುಗುವನು. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಓಣಿಯು ಕಿರಿದಾದುದರಿಂದ ಹೊರಬೀಳಬಹುದು. ಈಜು ಬಾರದ ನಮ್ಮವರಿಗೆ ಇದೂ ಆಗದ ಮಾತು. ಒಬ್ಬರನ್ನು ಹಿಡಿಯಲು ಹೋಗಿ ಇನ್ನೊಬ್ಬರು ಜಾರುವುದು ಈ ಕಾರಣದಿಂದಲೇ. ದಡದಲ್ಲಿ ನಿಂತವರು ಹಿಂದೆಯೇ ಹಾರದೆ, ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದು, ಕಾವಲುಗಾರರನ್ನು ಕೂಗಬೇಕು.

ಇದರಿಂದ ನಮ್ಮ ಸಲಹೆಯು ಕೆಲವರಿಗೆ ಸಪ್ಪೆಯೆನಿಸಬಹುದು. ಬಾಗಿಲು ತೆಗೆದರೆ ಕಡಲು ಕಾಣಬೇಕೆಂದು ಎಲ್ಲರ ಆಶೆ. ಮಕ್ಕಳಿರುವ ಕುಟುಂಬವು ಬಾಗಿಲಿಂದ ಕಡಲಿಗೆ ನೇರವಾಗಿ ಓಡಲಾಗದಂತಹ ಸ್ಥಳವನ್ನೇ ಆರಿಸಲಿ. ನಡುವೆ ಒಂದು ಬೇಲಿಯೋ ಬೀದಿಯೋ ಇರಲಿ. ಅರ್ಧ ಮೈಲಿ ದೂರವಿದ್ದರೂ ನಷ್ಟವಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಮಕ್ಕಳೇ ಎಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾದುದಿಲ್ಲ. ಸ್ನಾನಕ್ಕೆ ಜೀವರಕ್ಷಕರು ಕಾವಲಿರುವ ತೀರಕ್ಕೆ, ಅವರಿರುವ ವೇಳೆಯಲ್ಲಿ, ಕೈಹಿಡಿದು ಹೋಗಿ ಬರತಕ್ಕದ್ದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತವು ಹೆಚ್ಚು. ದಿನಕ್ಕೆರಡು ಸಲ ಬರುವ ಭರತವು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮೀರಿ ತಡವಾಗುವುದರಿಂದ, ನಿನ್ನೆ ಈ ಹೊತ್ತಿಗೆ ಒಣಗಿದ್ದ ಮರಳು ಇಂದೂ ಒಣಗಿರುವುದೆಂದು ಎಣಿಸಬಾರದು.

ಇಂತಹ ತೀರಗಳು ಎಲ್ಲಿವೆ? ಮಂಗಳೂರಿಗೂ ಉಡುಪಿಗೂ ನಡುವಣ ಪಡುಬಿದ್ರಿ, ಹೊನ್ನಾವರದ ಬಳಿಯ ಕಾಸರಕೋಡು, ಇವೆರಡೂ 2020ರಲ್ಲಿ ನೀಲಿ ಬಾವುಟವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದುವು. ನೀರಿನ ಪರೀಕ್ಷೆ, ಶೌಚಗೃಹ, ಜೀವರಕ್ಷಕರು ಇರಬೇಕೆಂಬುದು ಅದರ ಕಟ್ಟಳೆ. ಎರಡೂ 66ನೆಯ ರಾಷ್ಟ್ರೀಯ ಹೆದ್ದಾರಿಗೆ ಸಮೀಪ. ವೃದ್ಧರಿರುವ ನಿಮ್ಮ ಮನೆಗೆ ಉಡುಪಿಯ ಸುತ್ತಿನಲ್ಲಿ ಬಿಡಾರ ಹೂಡುವುದೇ ಯುಕ್ತವೆಂದು ತೋರುತ್ತದೆ. ಶ್ರೀಕೃಷ್ಣನ ದರ್ಶನವೂ ಆಸ್ಪತ್ರೆಯೂ ಮಲ್ಪೆಯ ಕಡಲೂ ಎಲ್ಲವೂ ಅಳವಿನಲ್ಲಿರುವುವು. ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ; ಹಗಲು ಇಳಿದು ಕಣ್ತುಂಬ ನೋಡಲಿ. ಆದರೆ ಲಾರಿಗಳು ಎಡೆಬಿಡದೆ ಓಡುವ ಆ ಹೆದ್ದಾರಿಯ ಅಂಚಿನಲ್ಲಿ ರಾತ್ರಿ ತಂಗತಕ್ಕದ್ದಲ್ಲ. ಗೋಕರ್ಣದ ಕಿರುಬೀದಿಗಳೊಳಗೆ ದೊಡ್ಡ ಗಾಡಿಯನ್ನು ನುಗ್ಗಿಸದೆ ಊರ ಹೊರಗೇ ನಿಲ್ಲಿಸಿ ನಡೆದುಹೋಗುವುದು ಮೇಲು.

ದಾರಿಯ ವಿಷಯ ಸುಲಭ. ಮುಳಬಾಗಿಲು ಕೋಲಾರಗಳ ಮೇಲೆ ಹಾಯುವ 75ನೆಯ ಹೆದ್ದಾರಿಯೇ ಬೆಂಗಳೂರು, ಹಾಸನ, ಸಕಲೇಶಪುರಗಳನ್ನು ದಾಟಿ ಘಟ್ಟ ಇಳಿದು ಬಂಟ್ವಾಳಕ್ಕೆ ಮುಟ್ಟಿಸುತ್ತದೆ. ಬೆಂಗಳೂರಿನಿಂದ ಮಂಗಳೂರಿಗೇ ಸುಮಾರು 350 ಕಿಲೋಮೀಟರ್. ನಿಮ್ಮ ಊರಿನಿಂದ ಬೆಂಗಳೂರಿಗೆ ನೂರಕ್ಕೂ ಹೆಚ್ಚು ಬೇರೆ. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಹಾಸನದಲ್ಲಿ ಒಂದಿರುಳು ತಂಗಿದರೆ ಮರುದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಕಡಲ ತೀರವನ್ನು ಸೇರಬಹುದು. ಬಿಡಾರವನ್ನು ಬೆಳಕಿನಲ್ಲಿಯೇ ನೋಡಿ ಒಪ್ಪಬೇಕು. ಕತ್ತಲಾದ ಮೇಲೆ ಸಿಕ್ಕಿದ್ದೇ ಸ್ವರ್ಗವಾಗುವುದು. ಗಾಡಿ ನಡೆಸುವಾತನಿಗೆ ಮಲಗಲು ಫ್ಯಾನಿನ ಕೆಳಗೆ ಒಂದು ಮಂಚ ಎಲ್ಲಿದೆಯೆಂದು ಮೊದಲು ವಿಚಾರಿಸಿ. ಹನ್ನೊಂದು ಮಂದಿಯ ಪ್ರಾಣವನ್ನು ಹೊತ್ತು ಘಟ್ಟ ಹತ್ತತಕ್ಕವನು ಸೆಕೆಯಲ್ಲಿ ಸೀಟಿನ ಮೇಲೆ ಮುದುರಿಕೊಂಡು ರಾತ್ರಿ ಕಳೆಯಬಾರದು.

ಅಡಿಗೆಯ ಸಾಮಾನಿನಲ್ಲಿ ರಾಗಿಹಿಟ್ಟನ್ನು ಮರೆಯದಿರುವುದು ಒಳ್ಳೆಯದು. ಅಲ್ಲಿಯ ಅನ್ನ ಬಹುಮಟ್ಟಿಗೆ ಕುಚ್ಚಲಕ್ಕಿಯದು. ಅಭ್ಯಾಸವಿಲ್ಲದ ಮಕ್ಕಳು ಮುಖ ಸಿಂಡರಿಸುತ್ತಾರೆ. ಹೋಟೆಲಿನಲ್ಲಿ “ಬೆಳ್ತಿಗೆ” ಎಂದು ಕೇಳಿದರೆ ನಾವು ಉಣ್ಣುವ ಬಿಳಿಯ ಅನ್ನ ಬರುವುದು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಎಂದು ಎರಡು ನಾಲಗೆಯಲ್ಲಿ ಬೆಳೆದ ನಿಮ್ಮ ಮಕ್ಕಳಿಗೆ ಅಲ್ಲಿಯ ತುಳು, ಕೊಂಕಣಿ, ಕುಂದಾಪುರದ ಕನ್ನಡಗಳನ್ನು ಕೇಳುವುದೇ ಒಂದು ವಿನೋದವಾದೀತು.

ಹಿಂತಿರುಗುವಾಗ ಘಟ್ಟ ಹತ್ತುವ ಮುನ್ನ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿಸಬೇಕು. ಉಪ್ಪುಗಾಳಿಯೂ ಒದ್ದೆ ಮರಳೂ ಸೇರಿ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುವುವು. ಬಾಡಿಗೆಯ ಗಾಡಿಯಾದರೆ ಆ ಮಾತನ್ನು ಯಜಮಾನನು ಮುಂಗಡದ ಹಣದಿಂದಲೇ ನೆನಪಿಗೆ ತರುವನು.