ಒಂಬತ್ತನೇ ದಿನ

"ಸರ್, ನಮ್ಮ ಹುಡುಗ ಹತ್ತು ನಿಮಿಷ ಒಂದ ಕಡೆ ಕೂಡೂದಿಲ್ರಿ" ಎಂದು ಕದರಮಂಡಲಗಿಯ ಪಾಲಕರೊಬ್ಬರು ದೂರಿದರು. ಅಷ್ಟು ಹೇಳುವುದರೊಳಗೆ ಎರಡು ಸಲ ಮೊಬೈಲ್ ನೋಡಿದ್ದರು!

ಹುಡುಗನಿಗೆ ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿ ಬೀಜ ಕೊಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೊಮ್ಮೆ ಮಾತ್ರ ಬಿಚ್ಚಿ ಕಂಡದ್ದನ್ನು ಬರೆಯಲು ಹೇಳಿದೆ. ಹೆಸರುಕಾಳಿನಂತೆ ಮರುದಿನವೇ ಮೊಳೆಯುವ ಜಾತಿಯಲ್ಲ ಇದು, ವಾರ ಮೀರುತ್ತದೆ. ನಾಲ್ಕನೇ ದಿನ ಬಂದು "ಏನೂ ಇಲ್ರಿ ಸರ್" ಎಂದ. "ಅದನ್ನೇ ಬರಿ" ಎಂದೆ.

ಇಂಗ್ಲೆಂಡಿನಲ್ಲಿ ಡಾರ್ವಿನ್ 1842ರಲ್ಲಿ ಹೊಲದ ಮೇಲೆ ಸೀಮೆಸುಣ್ಣದ ಚೂರು ಹರಡಿದ. ಎರೆಹುಳುಗಳ ಮಣ್ಣಿನಡಿ ಅದೆಷ್ಟು ಹೂತಿದೆಯೆಂದು ಅಗೆದು ನೋಡಿದ್ದು 1871ರಲ್ಲಿ. ಸುಮಾರು 7 ಇಂಚು!

ನಮ್ಮವನಿಗೆ ಒಂಬತ್ತನೇ ದಿನ ಮೂರು ಬೀಜಗಳಲ್ಲಿ ಬಿಳಿ ಬೇರು ಕಂಡಿತು. ಪಟ್ಟಿ ಹಿಡಿದು ಅಳೆದವರು ಅವನ ಅಪ್ಪ.