ನಮ್ಮ ತೂಕ ಎಷ್ಟಿರಬೇಕು?

ಹಿಂದೆ ಇಬ್ಬರು ಪರಿಚಿತರು ದಾರಿಯಲ್ಲಿ ಸಂಧಿಸಿದರೆ ಮಳೆ-ಬೆಳೆಗಳನ್ನೂ ಮಕ್ಕಳ ಯೋಗಕ್ಷೇಮವನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಈಗ ಧರಮಪೇಠದಂಥ ಬಡಾವಣೆಯಿಂದ ಮುಂಜಾನೆ ಅಂಬಾಝರಿ ಕೆರೆಯ ಕಡೆಗೆ ನಡೆಯಹೊರಟವರ ಬಾಯಲ್ಲಿ ಮೊದಲು ಬರುವ ಮಾತು, "ಎಷ್ಟು ಇಳಿಸಿದಿರಿ? ಇನ್ನೆಷ್ಟು ಇಳಿಸಬೇಕೆಂದಿದ್ದೀರಿ?" ಎಂಬುದು. ಉತ್ತರವೂ ಸಿದ್ಧವಾಗಿರುತ್ತದೆ. ಒಬ್ಬರು ಅರುವತ್ತು ಕಿಲೋ ಎನ್ನುವರು, ಇನ್ನೊಬ್ಬರು ಐವತ್ತೈದು ಎನ್ನುವರು. ಈ ಅಂಕಿ ತಮಗೆ ಎಲ್ಲಿಂದ ದೊರೆಯಿತು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ತಡವರಿಸುತ್ತಾರೆ. ಮದುವೆಯ ದಿನದ ತೂಕ, ಅಕ್ಕನ ತೂಕ, ಯಾವುದೋ ಪಟ್ಟಿಯಲ್ಲಿ ಕಂಡ ತೂಕ, ಇಲ್ಲವೆ ಕಿವಿಗೆ ಇಂಪಾಗಿ ಕೇಳಿದ ಒಂದು ದುಂಡು ಸಂಖ್ಯೆ! ಸಿಂಪಿಗನಿಗೆ ಅಳತೆ ಕೊಡದೆ ಒಂದು ಕುಪ್ಪಸವನ್ನೂ ಹೊಲಿಸದ ನಾವು ಇಡೀ ದೇಹದ ಅಳತೆಯನ್ನು ಹೀಗೆ ಎರವಲು ತರುವುದು ವಿಚಿತ್ರವಲ್ಲವೆ?

ಗುರಿಯೇ ಬೇಡವೆಂದು ನಾನು ಹೇಳುವುದಿಲ್ಲ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ ಅತಿತೂಕದವರು. ಅದೇ ಸ್ತ್ರೀಸಮುದಾಯದಲ್ಲಿ ನೂರಕ್ಕೆ 18.7 ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಒಂದೇ ಓಣಿಯಲ್ಲಿ ಇಬ್ಬರೂ ವಾಸಿಸುತ್ತಾರೆ. ಹೀಗಿರಲು ಎಲ್ಲರಿಗೂ "ಇಳಿಸಿರಿ" ಎಂಬ ಒಂದೇ ಉಪದೇಶ ಹೇಗೆ ಸಲ್ಲೀತು? ಪ್ರತಿಯೊಬ್ಬರೂ ತಮ್ಮ ಗುರಿಯನ್ನು ತಾವೇ ವಿಚಾರಪೂರ್ವಕವಾಗಿ ಗೊತ್ತುಮಾಡಿಕೊಳ್ಳಬೇಕು, ಬೆಳೆಯುವ ಮಕ್ಕಳಿಗೆ ಮಾತ್ರ ಅಂಥ ಗುರಿಯನ್ನು ಯಾರೂ ಹೊರಿಸಕೂಡದು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ತೂಕವೆಂದರೆ ನಮ್ಮ ಪೂರ್ವಜರಿಗೆ ಅಷ್ಟೇನೂ ಅಂಜಿಕೆ ಇದ್ದಂತೆ ಕಾಣುವುದಿಲ್ಲ. ಉಡುಪಿ, ಧರ್ಮಸ್ಥಳಗಳಲ್ಲಿ ತುಲಾಭಾರ ಇಂದಿಗೂ ನಡೆಯುತ್ತದೆ. ಹಂಪೆಯ ವಿಠ್ಠಲ ದೇವಾಲಯದ ಬಳಿ, ಅರಸರನ್ನು ತೂಗುತ್ತಿದ್ದರೆಂದು ಹೇಳಲಾಗುವ ಕಲ್ಲಿನ ತುಲಾಮಂಟಪ ನಿಂತಿದೆ. ಆ ತಕ್ಕಡಿಯ ಮುಂದೆ ಭಾರವಾದ ಆಸಾಮಿಯಿಂದಲೇ ದಾನ ಪಡೆಯುವವರಿಗೆ ಹೆಚ್ಚು ಲಾಭ! "ತೂಕದ ಮನುಷ್ಯ" ಎಂಬುದು ಕನ್ನಡದಲ್ಲಿ ಈಗಲೂ ಹೊಗಳಿಕೆಯ ನುಡಿಯೇ. ಇರಲಿ. ವೈದ್ಯಶಾಸ್ತ್ರವಂತೂ ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನನ್ನೂ ಅತಿಕೃಶನನ್ನೂ ಒಟ್ಟಿಗೆ ಪರೀಕ್ಷಿಸಿ ಇಬ್ಬರಿಗೂ ಚಿಕಿತ್ಸೆಯನ್ನು ವಿಧಿಸುತ್ತದೆ. ಅಲ್ಲಿ ತೂಕದ ಅಂಕಿಯಿಲ್ಲ. ದೌರ್ಬಲ್ಯ, ಅತಿಯಾದ ಬೆವರು, ಮಿತಿಮೀರಿದ ಹಸಿವು, ಬಾಯಾರಿಕೆ ಮುಂತಾದ ಲಕ್ಷಣಗಳಿವೆ. ದೇಹ ಹೇಗೆ ನಡೆದುಕೊಳ್ಳುತ್ತಿದೆ ಎಂಬುದನ್ನು ನೋಡುವ ಆ ಕ್ರಮವನ್ನು ನಾವು ಬಿಟ್ಟುಕೊಟ್ಟದ್ದು ಅಂಕಿಗಳು ಬಂದ ಮೇಲೆ.

ಆ ಅಂಕಿಗಳಾದರೂ ಹೇಗೆ ಹುಟ್ಟಿದವು? ಎತ್ತರದ ಸೆಂಟಿಮೀಟರಿನಿಂದ ನೂರನ್ನು ಕಳೆದರೆ ಉಳಿಯುವುದೇ ಸರಿಯಾದ ತೂಕವೆಂಬ ಸೂತ್ರ ಫ್ರೆಂಚ್ ವೈದ್ಯ ಬ್ರೋಕಾನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅಮೆರಿಕದ ಮೆಟ್ರೊಪಾಲಿಟನ್ ಜೀವವಿಮಾ ಸಂಸ್ಥೆಯು 1940ರ ದಶಕದಲ್ಲಿಯೂ ಮತ್ತೆ 1959ರಲ್ಲಿಯೂ ತೂಕದ ಪಟ್ಟಿಗಳನ್ನು ಪ್ರಕಟಿಸಿತು. ಅವು ಆ ದೇಶದ ವಿಮಾದಾರರ ಆಯುಷ್ಯದ ಲೆಕ್ಕದಿಂದ ಹುಟ್ಟಿದವು, ಕಂತು ಕಟ್ಟಲು ಶಕ್ತಿಯಿದ್ದವರ ಲೆಕ್ಕ ಅದು. ಇಂದು ಎಲ್ಲೆಡೆಯೂ ಕೇಳಿಬರುವ ದೇಹತೂಕ ಸೂಚ್ಯಂಕ, ಅಂದರೆ ಬಿ.ಎಂ.ಐ., ಇದಕ್ಕಿಂತ ಹಳೆಯದು. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಖಗೋಳಜ್ಞ ಅಡಾಲ್ಫ್ ಕೆಟ್ಲೆ ಸೂಚಿಸಿದನು. ಅವನು ಹುಡುಕುತ್ತಿದ್ದುದು ಸರಾಸರಿ ಮನುಷ್ಯನನ್ನು. ರೋಗಿಯನ್ನೂ ಅಲ್ಲ, ನಿರೋಗಿಯನ್ನೂ ಅಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿಯೂ ಅವನ ಸಂಗಡಿಗರೂ ಇದಕ್ಕೆ ಈಗಿನ ಹೆಸರನ್ನಿಟ್ಟಾಗ ಅವರ ಮುಂದಿದ್ದುದು ಪುರುಷರ ಅಳತೆಗಳು ಮಾತ್ರ. ನಮ್ಮ ತಾಯಂದಿರೂ ಅಕ್ಕತಂಗಿಯರೂ ಕನ್ನಡಿಯ ಮುಂದೆ ನಿಂತು ಕೊರಗುವಾಗ ಈ ಪೂರ್ವಕಥೆಯನ್ನು ಒಮ್ಮೆ ನೆನೆಯಬೇಕು.

ಹಾಗೆಂದು ಸೂಚ್ಯಂಕವನ್ನು ಕಸದ ಬುಟ್ಟಿಗೆ ಎಸೆಯಬೇಕಾಗಿಲ್ಲ. ಒರಟಾದ ಮೊದಲ ಅಂದಾಜಿಗೆ ಅದು ಸಾಕು. ಭಾರತೀಯ ವಯಸ್ಕರಿಗೆ 18.5ರಿಂದ 22.9ರ ವರೆಗಿನ ಸೂಚ್ಯಂಕವನ್ನು ಸಹಜವೆಂದು ಎಣಿಸುತ್ತಾರೆ; 22.9ರ ಮೇಲ್ಮಿತಿಯನ್ನು 2009ರಲ್ಲಿ ನಮ್ಮ ವೈದ್ಯತಜ್ಞರು ಒಮ್ಮತದಿಂದ ಗೊತ್ತುಪಡಿಸಿದರು. ಪಾಶ್ಚಾತ್ಯರಿಗೆ ಈ ಮೇಲ್ಮಿತಿ 24.9. 160 ಸೆಂಟಿಮೀಟರ್ ಎತ್ತರದ ಸ್ತ್ರೀಗೆ ನಮ್ಮ ಲೆಕ್ಕದಲ್ಲಿ ಅದು ಸುಮಾರು 47ರಿಂದ 58 ಕಿಲೋ ಆಗುತ್ತದೆ. ಹನ್ನೊಂದು ಕಿಲೋಗಳ ಈ ವಿಸ್ತಾರವನ್ನು ವಾಚಕರು ಗಮನಿಸಬೇಕು. ಶಾಸ್ತ್ರವೇ ಇಷ್ಟು ಉದಾರವಾದ ಅಂಗಳವನ್ನು ಬಿಟ್ಟಿರುವಾಗ ನಾವು ಅದರೊಳಗೆ ಒಂದೇ ಕಲ್ಲಿನ ಮೇಲೆ ನಿಲ್ಲಬೇಕೆಂದು ಹಟ ಹಿಡಿಯುವುದೇಕೆ?

ಭಾರತೀಯರಿಗೆ ಬೇರೆ ಮಿತಿ ಏಕೆ ಬೇಕಾಯಿತೆಂಬುದಕ್ಕೆ ನಮ್ಮ ಮಹಾರಾಷ್ಟ್ರದಿಂದಲೇ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ಎಂಬ ಇಬ್ಬರು ವಿಜ್ಞಾನಿಗಳು ತಮ್ಮ ಭಾವಚಿತ್ರದೊಡನೆ ತಮ್ಮ ದೇಹದ ಅಳತೆಗಳನ್ನೇ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3, ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಕೊಬ್ಬಿನ ಪ್ರಮಾಣವನ್ನು ಅಳೆದಾಗ ಯಡ್ಕಿನ್ನರ ದೇಹದಲ್ಲಿ ಅದು ನೂರಕ್ಕೆ 9.1 ಪಾಲು, ಯಾಜ್ಞಿಕರ ದೇಹದಲ್ಲಿ ನೂರಕ್ಕೆ 21.2 ಪಾಲು! ತಕ್ಕಡಿಗೆ ಇಬ್ಬರೂ ಒಂದೇ; ಒಳಗೆ ನೋಡಿದರೆ ಬೇರೆ ಬೇರೆ. ನಮ್ಮವರಲ್ಲಿ ತೆಳ್ಳಗೆ ಕಾಣುವವರಿಗೂ ಮಧುಮೇಹ ಬರುವುದೇಕೆಂಬ ಪ್ರಶ್ನೆಗೆ ಈ ಚಿತ್ರ ಅರ್ಧ ಉತ್ತರವನ್ನು ಕೊಡುತ್ತದೆ. ಕೊಬ್ಬು ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಶೇಖರವಾಗುವುದೇ ಅಪಾಯದ ಮೂಲ.

ಆದುದರಿಂದ ತಕ್ಕಡಿಗಿಂತ ದಾರ ಮೇಲು ಎನ್ನುತ್ತೇನೆ. ನಿಮ್ಮ ಎತ್ತರದಷ್ಟು ಉದ್ದದ ದಾರವನ್ನು ಕತ್ತರಿಸಿ, ಎರಡಾಗಿ ಮಡಚಿ, ಸಹಜವಾಗಿ ಉಸಿರು ಬಿಟ್ಟು ಹೊಕ್ಕುಳಿಗೆ ತುಸು ಮೇಲೆ ಸುತ್ತಿ ನೋಡಿರಿ. ತುದಿಗಳು ಕೂಡಿದರೆ ನಿಶ್ಚಿಂತೆಯಿಂದಿರಬಹುದು, ಕೂಡದಿದ್ದರೆ ಯೋಚಿಸಬೇಕು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂದು 2022ರಿಂದ ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯೂ ಹೇಳುತ್ತಿದೆ. ಅಳತೆಪಟ್ಟಿ ಇದ್ದವರಿಗೆ ಭಾರತದ ಮಿತಿ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್. ಇದಕ್ಕೆ ಖರ್ಚಿಲ್ಲ, ಯಂತ್ರವಿಲ್ಲ, ಪಕ್ಕದ ಮನೆಯವರಿಗೆ ತಿಳಿಯುವ ಭಯವೂ ಇಲ್ಲ.

ಇನ್ನು ನಿಜವಾಗಿ ಇಳಿಸಬೇಕಾದವರು ಎಷ್ಟು ಇಳಿಸಬೇಕು? ಇಲ್ಲಿಯೇ ಹೆಚ್ಚಿನ ಅನರ್ಥವಾಗುವುದು. 160 ಸೆಂಟಿಮೀಟರ್ ಎತ್ತರದ ಒಬ್ಬ ಗೃಹಿಣಿಯ ತೂಕ 78 ಕಿಲೋ ಎಂದಿಟ್ಟುಕೊಳ್ಳೋಣ. ಪಟ್ಟಿಯನ್ನು ನೋಡಿ ಆಕೆ 58ರ ಗುರಿ ಹಾಕಿಕೊಂಡರೆ ಇಪ್ಪತ್ತು ಕಿಲೋ ಕಳೆಯಬೇಕು. ಮೂರು ತಿಂಗಳು ಒಪ್ಪೊತ್ತು ಊಟ ಮಾಡಿ ಐದು ಕಿಲೋ ಇಳಿಸಿದ ಮೇಲೆ "ಇನ್ನೂ ಹದಿನೈದು ಉಳಿದಿದೆಯಲ್ಲಾ" ಎಂದು ಎದೆಗುಂದಿ ಎಲ್ಲವನ್ನೂ ಕೈಬಿಡುತ್ತಾಳೆ. ಆದರೆ ಆ ಐದು ಕಿಲೋಗಳೇ ದೊಡ್ಡ ಸಾಧನೆ! 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದರು. ಅವರಲ್ಲಿ ಆಹಾರ-ವ್ಯಾಯಾಮಗಳ ಗುಂಪಿನವರಿಗೆ ಕೊಟ್ಟ ಗುರಿ ತಮ್ಮ ತೂಕದ ನೂರಕ್ಕೆ ಏಳು ಪಾಲು ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ಶರೀರಶ್ರಮ, ಅಷ್ಟೆ. ಅದರಿಂದ ಮಧುಮೇಹ ತಗಲುವ ಸಂಭವ ನೂರಕ್ಕೆ 58ರಷ್ಟು ತಗ್ಗಿತು. ನಮ್ಮ ಗೃಹಿಣಿಗೆ ಏಳು ಪಾಲೆಂದರೆ ಐದೂವರೆ ಕಿಲೋ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ನರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಆಶ್ಚರ್ಯಕರ: ಅಲ್ಲಿ ತೂಕ ಗಣನೀಯವಾಗಿ ಇಳಿಯದಿದ್ದರೂ ನಡಿಗೆ ಮತ್ತು ಮಿತಾಹಾರಗಳಿಂದಲೇ ಮಧುಮೇಹದ ಸಂಭವ ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ತಕ್ಕಡಿ ಕದಲಲಿಲ್ಲವೆಂದು ಅಂಬಾಝರಿಯ ನಡಿಗೆಯನ್ನು ನಿಲ್ಲಿಸಿದವರು ಇದನ್ನು ಎರಡು ಸಲ ಓದಲಿ.

ಮೊದಲ ಮೆಟ್ಟಿಲನ್ನು ಹತ್ತಿ ಆರು ತಿಂಗಳೋ ಒಂದು ವರ್ಷವೋ ಅಲ್ಲಿಯೇ ನಿಂತು, ರಕ್ತದೊತ್ತಡ, ಸಕ್ಕರೆ, ಮೊಣಕಾಲಿನ ನೋವು, ನಿದ್ರೆ ಇವುಗಳ ಸ್ಥಿತಿಯನ್ನು ವೈದ್ಯರೊಡನೆ ನೋಡಿ, ಆಮೇಲೆ ಮುಂದಿನ ಮೆಟ್ಟಿಲನ್ನು ನಿರ್ಧರಿಸುವುದೇ ಯುಕ್ತ. ಎಷ್ಟು ತೂಕದಲ್ಲಿ ಹಸಿವಿನಿಂದ ಕಂಗೆಡದೆ, ಹಬ್ಬದ ದಿನ ಹೋಳಿಗೆಯನ್ನು ಬಿಡದೆ, ವರ್ಷಾನುಗಟ್ಟಲೆ ಇರಬಹುದೋ ಅದೇ ಅವರವರ ತೂಕ. ಅರುವತ್ತು ದಾಟಿದ ಹಿರಿಯರಂತೂ ಸ್ನಾಯುವೂ ಕರಗುವ ಭಯವಿರುವುದರಿಂದ ತಾವಾಗಿಯೇ ಪಥ್ಯ ಹಿಡಿಯಬಾರದು. ತೂಗಿಕೊಳ್ಳುವುದಾದರೆ ವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ಯಂತ್ರದಲ್ಲಿ. ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ಬೆವರಿ ಒಂದು ಕಿಲೋ ಇಳಿದರೆ ಅದು ನೀರು, ಕೊಬ್ಬಲ್ಲ. ಸಂಜೆ ಒಂದು ತಂಬಿಗೆ ಮಜ್ಜಿಗೆ ಕುಡಿದರೆ ಮರಳಿ ಬರುತ್ತದೆ, ಬರಲೇಬೇಕು.

ಉಪವಾಸದಿಂದ ದೇಹವನ್ನು ಗೆಲ್ಲಬಹುದೆಂಬ ಭ್ರಮೆಯನ್ನು ಮೇಲೆ ಹೇಳಿದ ಕೀಸನ ಇನ್ನೊಂದು ಪ್ರಯೋಗ ಒಡೆಯುತ್ತದೆ. 1944–45ರಲ್ಲಿ ಮಿನ್ನೆಸೋಟಾದಲ್ಲಿ 36 ಮಂದಿ ಯುವಕರು ಆರು ತಿಂಗಳು ಸ್ವಇಚ್ಛೆಯಿಂದ ಅರೆಹೊಟ್ಟೆ ಉಂಡರು. ತೂಕ ಸುಮಾರು ಕಾಲು ಭಾಗ ಇಳಿಯಿತು, ನಿಜ. ಆದರೆ ಅವರಿಗೆ ಹಗಲಿರುಳೂ ಅನ್ನದ್ದೇ ಧ್ಯಾನ. ಪಾಕಶಾಸ್ತ್ರದ ಪುಸ್ತಕಗಳನ್ನು ಓದುತ್ತ ಕೂತರು, ಖಿನ್ನರಾದರು, ಸಿಡುಕಿದರು. 2025ರಿಂದ ನಮ್ಮ ಔಷಧಾಲಯಗಳಿಗೂ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಬಂದಿವೆ. ಅಗತ್ಯವುಳ್ಳ ರೋಗಿಗಳಿಗೆ ಅವು ವರವೇ. ಆದರೆ ಆ ಬಗೆಯ ಸೆಮಾಗ್ಲುಟೈಡ್ ಎಂಬ ಔಷಧವನ್ನು ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದುದನ್ನು 2022ರ ವರದಿ ತಿಳಿಸುತ್ತದೆ. ಎಲ್ಲಿ ನಿಲ್ಲಬೇಕೆಂದು ಮೊದಲೇ ವಿಚಾರಿಸದೆ ಈ ದಾರಿ ಹಿಡಿಯುವುದು ತರವಲ್ಲ.

ಈಗ ನಮ್ಮ ಶಾಲೆಯ ಅಂಗಳಕ್ಕೆ ಬರೋಣ. ಈ ಸಂಚಿಕೆಯನ್ನು ಮನೆಗೆ ಒಯ್ಯುವ ಮಕ್ಕಳ ತಾಯ್ತಂದೆಗಳು ಇಲ್ಲಿಯವರೆಗಿನ ಮಾತುಗಳನ್ನು ತಮಗೆ ಅನ್ವಯಿಸಿಕೊಳ್ಳಲಿ. ಮಕ್ಕಳಿಗೆ ಅನ್ವಯಿಸುವುದು ಬೇಡ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹುಡುಗಿಯೊಬ್ಬಳು ವರ್ಷಕ್ಕೆ ನಾಲ್ಕೈದು ಕಿಲೋ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಏರುವುದು ಪ್ರಕೃತಿಯ ನಿಯಮ. ಅಂಥವಳಿಗೆ "ನಲವತ್ತು ದಾಟಬೇಡ" ಎನ್ನುವುದು ಚಿಗುರುವ ಗಿಡಕ್ಕೆ ಹಂಚು ಮುಚ್ಚಿದಂತೆ. ಆಕೆಯ ಅಳತೆಯನ್ನು ನೋಡಬೇಕಾದದ್ದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಪ್ರಕಟಿಸಿದ, 5ರಿಂದ 18 ವರ್ಷದವರ ಬೆಳವಣಿಗೆಯ ನಕ್ಷೆಯಲ್ಲಿ. ಅದೂ ವೈದ್ಯರು, ಒಂದು ದಿನದ ಬಿಂದುವನ್ನಲ್ಲ, ವರ್ಷಗಳ ರೇಖೆಯನ್ನು. ತೂಕ ಹೆಚ್ಚಾದ ಮಗುವಿಗೂ ಅನೇಕ ವೇಳೆ ಇಳಿಸುವ ಅಗತ್ಯವಿರುವುದಿಲ್ಲ. ಎತ್ತರ ಬೆಳೆಯುವವರೆಗೆ ಇದ್ದಷ್ಟರಲ್ಲೇ ನಿಂತರೆ ಸಾಕಾಗುತ್ತದೆ.

ಆದರೆ ನಡೆಯುತ್ತಿರುವುದೇನು? ಎಷ್ಟೋ ಶಾಲೆಗಳಲ್ಲಿ ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಯಂತ್ರವೇರಿಸಿ, ತೂಕವನ್ನು ಗಟ್ಟಿಯಾಗಿ ಕೂಗಿ ಬರೆಸಿಕೊಳ್ಳುತ್ತಾರೆ. ಮರುದಿನದಿಂದ ಒಬ್ಬಳಿಗೆ "ಡೋಲು", ಇನ್ನೊಬ್ಬನಿಗೆ "ಕಡ್ಡಿ" ಎಂದು ನಾಮಕರಣವಾಗುತ್ತದೆ. ಆ ವಾರ ಊಟದ ಡಬ್ಬಿಗಳು ಅರ್ಧ ತುಂಬಿಯೇ ಮನೆಗೆ ಮರಳುತ್ತವೆ. 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆಯೆಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಸಾರುತ್ತಿರುವ ದೇಶದಲ್ಲಿ, ಸೊಪ್ಪಿನ ಪಲ್ಯ, ಕಾಳು, ಜೋಳದ ರೊಟ್ಟಿಗಳಿದ್ದ ಡಬ್ಬಿಯನ್ನು ಹುಡುಗಿಯೊಬ್ಬಳು ನಾಚಿಕೆಗಾಗಿ ಮುಚ್ಚಿಟ್ಟರೆ ಆ ನಷ್ಟವನ್ನು ಯಾವ ತಕ್ಕಡಿ ತೂಗೀತು? ಅತ್ತ ಶಾಲೆಯ ಗೇಟಿನ ಹೊರಗೆ ಸಮೋಸ, ತರ್ರಿ ಪೋಹೆಗಳ ಗಾಡಿಗಳಿಗೇನೂ ಕಡಿಮೆಯಿಲ್ಲ. ಮನೆಯ ಅನ್ನವನ್ನು ಬಿಟ್ಟ ಮಗು ನಾಲ್ಕು ಗಂಟೆಗೆ ಅಲ್ಲಿಗೇ ಹೋಗುತ್ತದೆ.

ತಾಯಂದಿರಲ್ಲಿ ನನ್ನದೊಂದು ವಿನಂತಿಯುಂಟು. "ನಿನ್ನನ್ನು ಯಾರು ಮಾಡಿಕೊಳ್ಳುತ್ತಾರೆ?" ಎಂಬ ಮಾತನ್ನು ಊಟದ ಎಲೆಯ ಮುಂದೆ ಆಡಬೇಡಿರಿ. ಬೀಗರ ಕಣ್ಣಿಗಾಗಿ ಗೊತ್ತುಮಾಡಿದ ತೂಕಕ್ಕೆ ಯಾವ ವೈದ್ಯಶಾಸ್ತ್ರದ ಆಧಾರವೂ ಇಲ್ಲ.

ಶಾಲೆಗಳವರು ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ತೂಗುವ ಯಂತ್ರವನ್ನು ಬಯಲಿನಿಂದ ಒಂದು ಕೋಣೆಗೆ ಸಾಗಿಸಬೇಕು. ಅಥವಾ ನಡುವೆ ಒಂದು ಪರದೆ ಕಟ್ಟಬೇಕು. ಒಬ್ಬರು ನೋಡಿ ಒಬ್ಬರೇ ಬರೆದುಕೊಳ್ಳಬೇಕು, ಕೂಗಬಾರದು. ಬರೆದ ಚೀಟಿಯನ್ನು ಮಡಚಿ ಲಕೋಟೆಯಲ್ಲಿಟ್ಟು ಮನೆಗೆ ಕಳುಹಿಸಬೇಕು. ಆ ಚೀಟಿಯಲ್ಲಿ ತೂಕದ ಪಕ್ಕದಲ್ಲಿಯೇ ಎತ್ತರವೂ ಹುಟ್ಟಿದ ತಾರೀಖೂ ಇರಲಿ. ಇವೆರಡೂ ಇಲ್ಲದ ಬರಿಯ ತೂಕವನ್ನು ನೋಡಿ ಯಾವ ವೈದ್ಯರೂ ಏನನ್ನೂ ಹೇಳಲಾರರು.